ಅಪ್ಪನ ಮಾರಿಸ್ ಮೈನರ್ ಗಡಿ ದಾಟುವ ಮೊದಲು

ಓದುಗರ ಪ್ರಶ್ನೆ: "ನಮ್ಮಪ್ಪ ಓಡಿಸುತ್ತಿದ್ದ 1965ರ ಮಾರಿಸ್ ಮೈನರ್ 1000 ನನ್ನ ಬಳಿ ಇದೆ. 1098 ಸಿಸಿ ಇಂಜಿನ್. ಎಂಟು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಮುಂದಿನ ವರ್ಷ ನಾನೂ ನನ್ನ ತಂಗಿಯೂ ಅದರಲ್ಲೇ ಆರು ದೇಶ ದಾಟಿ ಸುಮಾರು 12,000 ಕಿ.ಮೀ. ಹೋಗಬೇಕೆಂದಿದ್ದೇವೆ. ದಾರಿಯಲ್ಲಿ 3,000 ಮೀಟರ್ ಎತ್ತರದ ಬೆಟ್ಟಗಳಿವೆ. ಕೈಯಲ್ಲಿ ಹತ್ತು ತಿಂಗಳಿದೆ. ಒಬ್ಬ ಮೆಕ್ಯಾನಿಕ್ 'ಇಡೀ ಕಾರು ಬಿಚ್ಚಿ ಹೊಸದಾಗಿ ಕಟ್ಟೋಣ' ಅನ್ನುತ್ತಾರೆ. ಇನ್ನೊಬ್ಬರು 'ಹಳೇ ಇಂಜಿನ್ ತೆಗೆದು ಹೊಸ ಕಾರಿನ ಇಂಜಿನ್, ಐದು ಗೇರಿನ ಬಾಕ್ಸ್ ಕೂರಿಸಿ' ಅನ್ನುತ್ತಾರೆ. ಸೀಸ ಇಲ್ಲದ ಪೆಟ್ರೋಲಿಗೆ ವಾಲ್ವ್ ಹಾಳಾಗುತ್ತೆ, ಬೆಟ್ಟದಲ್ಲಿ ನೀರು ಕುದಿಯುತ್ತೆ, ಥರ್ಮೋಸ್ಟಾಟ್ ಕಿತ್ತುಹಾಕಿ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಯಾರ ಮಾತು ಕೇಳಲಿ? ಏನೇನು ರಿಪೇರಿ ಮಾಡಿಸಲಿ? ಯಾವ ಸ್ಪೇರ್ ಒಯ್ಯಲಿ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಇಂಜಿನ್ ಬಗ್ಗೆ, ಪೆಟ್ರೋಲ್ ಬಗ್ಗೆ. ಆದರೆ ಒಳಗಿನ ಭಯ ಬೇರೆ ಅಲ್ವಾ? ಭಾಷೆ ಗೊತ್ತಿಲ್ಲದ ಊರಿನಲ್ಲಿ, ಕತ್ತಲಾಗುವ ಹೊತ್ತಿಗೆ, ಬಾನೆಟ್ ಎತ್ತಿಕೊಂಡು ರಸ್ತೆ ಬದಿ ನಿಲ್ಲಬೇಕಾಗಿ ಬಂದರೆ ಏನು ಗತಿ ಅಂತ. ಆ ಭಯ ಇಟ್ಟುಕೊಂಡೇ ರಿಪೇರಿ ಯೋಚಿಸಿದರೆ ದಾರಿ ಸಲೀಸು.

ಹಳೆಯ ಕಾರುಗಳನ್ನು ಬಿಚ್ಚಿ ಕಟ್ಟಿ ಮೂವತ್ತು ವರ್ಷವಾಯಿತು. ದೂರ ಹೊರಟ ಕಾರುಗಳು ಎಲ್ಲಿ ಕೆಟ್ಟು ನಿಲ್ಲುತ್ತವೆ ಅಂತ ಗಮನಿಸಿದ್ದೇನೆ. ಇಂಜಿನ್ನಿನೊಳಗಿನ ಅರವತ್ತು ವರ್ಷದ ಕ್ರ್ಯಾಂಕ್ ಮುರಿದು ನಿಂತದ್ದು ಬಹಳ ಕಡಿಮೆ. ನಿಲ್ಲುವುದು ಎರಡು ಕಾರಣಕ್ಕೆ. ಒಂದು, ರಬ್ಬರ್. ಇನ್ನೊಂದು, ಹೊರಡುವ ಹಿಂದಿನ ವಾರ ಹಾಕಿದ ಹೊಸ ಪಾರ್ಟು.

ಎರಡನೆಯದು ನಂಬುವುದಕ್ಕೆ ಕಷ್ಟ. ನನಗೂ ಹಾಗೇ ಇತ್ತು. ಒಮ್ಮೆ ನಿಮ್ಮ ಕಾರಿನಲ್ಲಿರುವ ಇದೇ ಎ-ಸೀರೀಸ್ ಇಂಜಿನ್ನಿನ ಕಾರೊಂದರ ಜೊತೆ ಉದ್ದದ ಓಟಕ್ಕೆ ಹೋಗಿದ್ದೆ. ಹೊರಡುವ ಮೊದಲು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೊಸ ರೋಟರ್, ಹೊಸ ಕಂಡೆನ್ಸರ್ ನಾನೇ ಹಾಕಿದ್ದೆ. ಮೂರನೇ ದಿನ ಇಂಜಿನ್ ಕೆಮ್ಮತೊಡಗಿತು. ಆಮೇಲೆ ನಿಂತೇಹೋಯಿತು. ಅರ್ಧ ಗಂಟೆ ತಣ್ಣಗಾದರೆ ಸ್ಟಾರ್ಟ್, ಹತ್ತು ಕಿ.ಮೀ. ಹೋದರೆ ಮತ್ತೆ ಬಂದ್. 'ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಕಟ್ಟಿಕೊಂಡಿದೆ' ಅಂತ ಎಲ್ಲರೂ ಪೈಪಿಗೆ ಒದ್ದೆ ಬಟ್ಟೆ ಸುತ್ತಿದ್ದೇ ಸುತ್ತಿದ್ದು. ಕೊನೆಗೆ ಬೇಸತ್ತು, ಟೂಲ್ ಡಬ್ಬಿಯ ತಳದಲ್ಲಿದ್ದ ಹಳೆಯ ಕಂಡೆನ್ಸರ್ ಹಾಕಿದೆ. ಊರು ಮುಟ್ಟುವವರೆಗೂ ಮತ್ತೆ ಕಿಟಿಕಿಟಿ ಇಲ್ಲ. ಈಗ ಸಿಗುವ ಮರುತಯಾರಿ ಕಂಡೆನ್ಸರ್, ರೋಟರ್‌ಗಳಲ್ಲಿ ಕಳಪೆ ಮಾಲು ಜಾಸ್ತಿ. ಹಾಗಾಗಿ ಚೆನ್ನಾಗಿ ಓಡುತ್ತಿದ್ದ ಹಳೆಯದನ್ನು ಬದಲಿಸಿದರೂ ಎಸೆಯಬೇಡಿ. ಅದೇ ನಿಮ್ಮ ಸ್ಪೇರ್.

ಈ ಲೆಕ್ಕದಲ್ಲಿ ಇಬ್ಬರು ಮೆಕ್ಯಾನಿಕ್‌ಗಳ ಸಲಹೆ ನೋಡೋಣ.

ಇಡೀ ಕಾರು ಬಿಚ್ಚಿ ಕಟ್ಟುವುದು ತಪ್ಪು ಕೆಲಸವೇನಲ್ಲ. ಬಾಡಿ ಕೆಳಗೆ ತುಕ್ಕು ಹಿಡಿದು ಪೊಳ್ಳಾಗಿದ್ದರೆ ಬೇರೆ ದಾರಿಯೂ ಇಲ್ಲ. ಆದರೆ ಹತ್ತು ತಿಂಗಳಲ್ಲಿ ಮುಗಿಸುತ್ತೇನೆ ಅಂದ ಪೂರ್ತಿ ಕೆಲಸ ಹತ್ತು ತಿಂಗಳಲ್ಲಿ ಮುಗಿದದ್ದನ್ನು ನಾನು ಕಂಡಿಲ್ಲ. ನನ್ನ ಗ್ಯಾರೇಜಿನಲ್ಲೂ ಮುಗಿದಿಲ್ಲ, ಸುಳ್ಳು ಯಾಕೆ ಹೇಳಲಿ. ಮುಗಿದರೂ ಹೊರಡುವ ಮುನ್ನಾದಿನ ಮುಗಿಯುತ್ತದೆ. ಆಗ ಆ ಕಾರಿನ ಒಂದೊಂದು ನಟ್ಟೂ ಹೊಸದಾಗಿ ಬಿಗಿದದ್ದು, ಯಾವುದೂ ಓಡಿ ಪರೀಕ್ಷೆಯಾಗಿಲ್ಲ. ಅಂಥ ಕಾರನ್ನು ಗಡಿ ದಾಟಿಸಬೇಡಿ.

ಹೊಸ ಇಂಜಿನ್ ಕೂರಿಸುವುದರಲ್ಲಿ ಲಾಭ ಇದೆ. ವೇಗ ಬರುತ್ತೆ, ಸದ್ದು ಕಡಿಮೆ. ಆದರೆ ಎರಡು ಕಾರಿನ ಪಾರ್ಟು ಬೆರೆತ ಮೇಲೆ ಅದರ ಗುಟ್ಟು ಗೊತ್ತಿರುವುದು ಕೂರಿಸಿದವರಿಗೆ ಮಾತ್ರ. ದೂರದ ಊರಿನ ಮೆಕ್ಯಾನಿಕ್ ಮೂಲ ಮೈನರ್ ನೋಡಿದರೆ ಹತ್ತು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುತ್ತಾನೆ, ಅಷ್ಟು ಸರಳ ಅದು. ಕಲಬೆರಕೆ ಗಾಡಿ ನೋಡಿ ತಲೆ ಕೆರೆದುಕೊಳ್ಳುತ್ತಾನೆ. ಇಂಜಿನ್ನಿನ ಬಲ ಹೆಚ್ಚಿದರೆ ಬ್ರೇಕೂ ಹೆಚ್ಚಬೇಕು. ಅಲ್ಲಿಗೆ ಮುಂದಿನ ಸಸ್ಪೆನ್ಷನ್‌ವರೆಗೂ ಕೆಲಸ ಬೆಳೆಯುತ್ತದೆ. ಜೊತೆಗೆ ಕಾಗದದ ತಾಪತ್ರಯ.

ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಸ್ವಂತ ಕಾರನ್ನು ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಳಗೆ ಬಿಡಲು ಕೆಲವು ದೇಶಗಳು ಕಾರ್ನೆಟ್ ಡಿ ಪ್ಯಾಸೇಜ್ ಕೇಳುತ್ತವೆ. ಕಾರಿಗೆ ಕೊಡುವ ಪಾಸ್‌ಪೋರ್ಟ್ ಅಂದುಕೊಳ್ಳಿ. ಆಟೊಮೊಬೈಲ್ ಕ್ಲಬ್‌ಗಳು ಠೇವಣಿ ಅಥವಾ ಜಾಮೀನು ಪಡೆದು ಒಂದು ವರ್ಷದ ಅವಧಿಗೆ ಕೊಡುತ್ತವೆ. ಅದರಲ್ಲಿ ಚಾಸಿ ನಂಬರ್, ಇಂಜಿನ್ ನಂಬರ್, ಬಣ್ಣ, ಸೀಟಿನ ಹೊದಿಕೆ ಎಲ್ಲ ಬರೆದಿರುತ್ತದೆ. ಗಡಿಯಲ್ಲಿ ಅಧಿಕಾರಿ ಬಾನೆಟ್ ಎತ್ತಿಸಿ ನಂಬರ್ ಓದಿದರೆ ಅದು ಕಾಗದಕ್ಕೆ ತಾಳೆಯಾಗಬೇಕು. ನಿಮ್ಮ ಇಂಜಿನ್ ನಂಬರ್ ಡೈನಮೋ ಮೇಲ್ಭಾಗದಲ್ಲಿ, ಬ್ಲಾಕಿಗೆ ರಿವೆಟ್ ಹೊಡೆದ ಚಿಕ್ಕ ತಗಡಿನ ಮೇಲಿರುತ್ತದೆ. ಇವತ್ತೇ ಹೋಗಿ ಜಿಡ್ಡು ಒರೆಸಿ ಓದಿ, ನೋಂದಣಿ ಪುಸ್ತಕದ ಜೊತೆ ಹೋಲಿಸಿ. ಎಷ್ಟೋ ಹಳೇ ಕಾರುಗಳಲ್ಲಿ ಇಂಜಿನ್ ಯಾವತ್ತೋ ಬದಲಾಗಿರುತ್ತದೆ, ಪುಸ್ತಕದಲ್ಲಿ ಹಳೇ ನಂಬರೇ ಉಳಿದಿರುತ್ತದೆ. ಅದನ್ನು ಸರಿಪಡಿಸಲು ಈಗ ನಿಮಗೆ ಸಮಯವಿದೆ. ಬಣ್ಣ ಹೊಡೆಸುವುದಿದ್ದರೂ ಕಾರ್ನೆಟ್‌ಗೆ ಮೊದಲೇ ಹೊಡೆಸಿ. ದೇಶ ಬಿಡುವಾಗ ಹೊರಹೋಗುವ ಸೀಲು ಬಿತ್ತಾ ಅಂತ ನಿಂತು ನೋಡಿಕೊಳ್ಳಿ. ಸೀಲಿಲ್ಲದಿದ್ದರೆ ಕಾರನ್ನು ಅಲ್ಲೇ ಮಾರಿಬಿಟ್ಟಿರಿ ಅಂತ ಲೆಕ್ಕ.

ಹಾಗಾದರೆ ಮಾಡುವುದೇನು? ನಾನು ಹೇಳುವುದು ಮೂರನೇ ದಾರಿ. ಇಂಜಿನ್ ಚೆನ್ನಾಗಿದ್ದರೆ ಮುಟ್ಟಬೇಡಿ. ಮೊದಲು ಪ್ರಾಣಕ್ಕೆ ಕುತ್ತು ತರುವುದನ್ನು, ಆಮೇಲೆ ದಾರಿಯಲ್ಲಿ ನಿಲ್ಲಿಸುವುದನ್ನು ಸರಿ ಮಾಡಿ. ಸುಮ್ನೆ ಕಿರಿಕಿರಿ ಮಾಡುವುದು ಹಣ ಉಳಿದರೆ ನೋಡಿದರಾಯಿತು.

ಪ್ರಾಣದ ವಿಷಯದಲ್ಲಿ ಮೈನರ್‌ಗೆ ಎರಡು ಜಾಗ. ಮೊದಲನೆಯದು ಮುಂದಿನ ಚಕ್ರದ ಕೆಳಗಿನ ಟ್ರನಿಯನ್. ಈಗಿನ ಕಾರುಗಳ ಹಾಗೆ ಇದಕ್ಕೆ ಕೆಳಗೆ ಬಾಲ್ ಜಾಯಿಂಟ್ ಇಲ್ಲ. ಮರೆ, ಅಂದರೆ ಸ್ಕ್ರೂವಿನ ಹಾಗೆ ಸುರುಳಿ ಗೆರೆ ಇರುವ ದಪ್ಪ ಪಿನ್ನೊಂದು, ಅದೇ ಥರ ಮರೆ ಇರುವ ಲೋಹದ ಗೂಡಿನೊಳಗೆ ಕೂತಿರುತ್ತದೆ. ಆ ಗೂಡೇ ಟ್ರನಿಯನ್. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯ ಮೇಲೇ ತಿರುಗುವುದು. ಗ್ರೀಸ್ ಇದ್ದರೆ ಬಹಳ ವರ್ಷ ಬಾಳುತ್ತದೆ. ಗ್ರೀಸ್ ಒಣಗಿದರೆ ಮರೆ ಸವೆದು ಸವೆದು, ಒಂದು ದಿನ ಪಿನ್ ಗೂಡಿನಿಂದ ಕಳಚಿ ಬರುತ್ತದೆ. ಚಕ್ರ ಮಡ್‌ಗಾರ್ಡ್ ಕೆಳಗೆ ಮಡಚಿಕೊಂಡು, ಕಾರಿನ ಮೂತಿ ನೆಲಕ್ಕೆ ಕುಸಿಯುತ್ತದೆ. ನಿಲ್ಲಿಸುವಾಗ ನಿಧಾನಕ್ಕೆ ಸ್ಟಿಯರಿಂಗ್ ತಿರುಗಿಸುತ್ತಿದ್ದಾಗ ಆದರೆ ಪುಣ್ಯ. ಇಳಿಜಾರಿನ ತಿರುವಿನಲ್ಲಾದರೆ ಹೇಳುವುದು ಬೇಡ.

ನೋಡುವ ಬಗೆ ಹೀಗೆ. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕಿಯನ್ನೇ ನಂಬಿ ಕೆಳಗೆ ನುಗ್ಗಬೇಡಿ. ಟೈರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಾಡಿಸಿ. ಆಮೇಲೆ ಟೈರಿನ ಕೆಳಗೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿ, ಮೇಲೆ-ಕೆಳಗೆ ಆಟ ಇದೆಯಾ ನೋಡಿ. ಇನ್ನೊಬ್ಬರು ಟ್ರನಿಯನ್ ಮೇಲೆ ಬೆರಳಿಟ್ಟು ಹಿಡಿದಿರಲಿ. ಕಣ್ಣಿಗೆ ಕಾಣದ 'ಟಕ್' ಬೆರಳಿಗೆ ಸಿಗುತ್ತದೆ. ಟಕ್ ಅಂದರೆ ಪಿನ್ ಮತ್ತು ಟ್ರನಿಯನ್ ಎರಡೂ ಬದಲಿಸಿ. ಆಮೇಲೆ ಪ್ರಯಾಣದುದ್ದಕ್ಕೂ 1,500 ಕಿ.ಮೀ.ಗೊಮ್ಮೆ ಗ್ರೀಸ್. ಹಳೆಯ ಲೆಕ್ಕ 3,000 ಮೈಲಿಗೊಮ್ಮೆ. ಆದರೆ ಧೂಳಿನ ದಾರಿಗೆ ಅದು ಸಾಲದು. ಗ್ರೀಸ್ ಗನ್ ಒತ್ತುವಾಗ ಚಕ್ರ ನೆಲ ಬಿಟ್ಟಿರಲಿ. ಭಾರ ಹೊತ್ತ ಮರೆಯೊಳಗೆ ಗ್ರೀಸ್ ಸರಿಯಾಗಿ ಹೋಗುವುದಿಲ್ಲ. ಒಂದು ಎಚ್ಚರಿಕೆ: ಟ್ರಯಂಫ್ ಕಾರಿನ ಟ್ರನಿಯನ್‌ಗೆ ಗೇರ್ ಆಯಿಲ್ ಹಾಕುತ್ತಾರೆ. ಅದನ್ನು ಕೇಳಿ ಬಂದವರು ನಿಮಗೂ ಆಯಿಲ್ ಹಾಕಿ ಅನ್ನಬಹುದು. ಮೈನರ್‌ಗೆ ಗ್ರೀಸೇ.

ಎರಡನೆಯದು ಬ್ರೇಕ್. ನಿಮ್ಮದು ನಾಲ್ಕೂ ಚಕ್ರಕ್ಕೆ ಡ್ರಮ್, ಎಲ್ಲಕ್ಕೂ ಸೇರಿ ಆಯಿಲ್ ಹರಿಯುವ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಹೋದವು ಅಂತಲೇ ಲೆಕ್ಕ. ಎಂಟು ವರ್ಷ ನಿಂತ ಕಾರಿನಲ್ಲಿ ಪೆಡಲ್ ಗಟ್ಟಿ ಸಿಕ್ಕಿತು ಅಂದ ಮಾತ್ರಕ್ಕೆ ನಂಬಬೇಡಿ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಡ್ರಮ್ ಕಾದಾಗ ಆಯಿಲ್ ಕುದಿದು, ಪೆಡಲ್ ನೆಲ ಮುಟ್ಟುತ್ತದೆ. ಹಾಗಾಗಿ ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್, ರಬ್ಬರ್ ಹೋಸ್, ಕಬ್ಬಿಣದ ಪೈಪು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಆಯಿಲ್ ಎಲ್ಲ ಬದಲಿಸಿ. ಹೊರಗೆ ಚೆನ್ನಾಗಿ ಕಾಣುವ ಹೋಸ್ ಒಳಗೆ ಊದಿಕೊಂಡಿರುತ್ತದೆ. ಒತ್ತಿದಾಗ ಆಯಿಲ್ ಹೋಗುತ್ತೆ, ಬಿಟ್ಟಾಗ ವಾಪಸ್ ಬರುವುದಿಲ್ಲ, ಚಕ್ರ ಹಿಡಿದುಕೊಳ್ಳುತ್ತದೆ.

ಮೈನರ್‌ನಲ್ಲಿ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಡಿ, ಚಾಸಿ ಕಂಬಿಯೊಳಗೆ. ಆಯಿಲ್ ಮಟ್ಟ ನೋಡಬೇಕಾದರೆ ಕಾರ್ಪೆಟ್ ಎತ್ತಿ, ತಗಡಿನ ಮುಚ್ಚಳ ಬಿಚ್ಚಬೇಕು. ಈ ಕಷ್ಟಕ್ಕೇ ಎಷ್ಟೋ ಜನ ವರ್ಷಗಟ್ಟಲೆ ನೋಡುವುದಿಲ್ಲ. ಅದನ್ನು ಹೊರಗೆ ತೆಗೆಯುವುದಂತೂ ದೊಡ್ಡ ತಲೆನೋವು. ಮನೆಯಲ್ಲೇ ಆ ತಲೆನೋವು ಮುಗಿಸಿಕೊಳ್ಳಿ.

ಮುಂದೆ ಡಿಸ್ಕ್ ಬ್ರೇಕ್ ಹಾಕಿಸಬಹುದಾ? ಕಿಟ್ ಸಿಗುತ್ತದೆ, ಒಳ್ಳೆಯದೇ. ಆದರೆ ಮೂಲ ಇಂಜಿನ್ನೇ ಇಟ್ಟುಕೊಂಡರೆ ಚೆನ್ನಾಗಿ ಹೊಂದಿಸಿದ ಡ್ರಮ್ ಸಾಕು. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ.

ಟೈರಿನ ಬಗ್ಗೆ ಒಂದೇ ಮಾತು. ಬಟನ್ ಎಷ್ಟು ಉಳಿದಿದೆ ಅಂತ ನೋಡುವ ಮೊದಲು ವಯಸ್ಸು ನೋಡಿ. ಪಕ್ಕದ ಗೋಡೆಯಲ್ಲಿ DOT ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2316 ಅಂದರೆ 2016ನೇ ಇಸವಿಯ 23ನೇ ವಾರ. ನಿಮ್ಮವು ಕಾರು ನಿಲ್ಲುವ ಮೊದಲಿನವು ತಾನೆ? ಸ್ಟೆಪ್ನಿ ಸೇರಿ ಐದನ್ನೂ ಬದಲಿಸಿ.

ಈಗ ಗೆಳೆಯರ ಹೆದರಿಕೆಗಳಿಗೆ ಬರೋಣ.

ಸೀಸದ ಮಾತಿನಲ್ಲಿ ಅರ್ಧ ಸತ್ಯ ಇದೆ. ಯುರೋಪಿಯನ್ ಒಕ್ಕೂಟ 2000ದಿಂದ ಸೀಸದ ಪೆಟ್ರೋಲ್ ನಿಲ್ಲಿಸಿತು. 2021ರಲ್ಲಿ ಅಲ್ಜೀರಿಯಾ ನಿಲ್ಲಿಸಿದ ಮೇಲೆ ಜಗತ್ತಿನ ಯಾವ ದೇಶದ ಬಂಕಿನಲ್ಲೂ ಕಾರಿಗೆ ಅದು ಸಿಗುವುದಿಲ್ಲ. ಇಂಜಿನ್ನಿನ ಮೇಲೆ ಕೂರುವ ಹಳೇ ಹೆಡ್‌ಗಳಲ್ಲಿ ವಾಲ್ವ್ ಕೂರುವ ಸೀಟು ಮೆದು ಎರಕದ ಕಬ್ಬಿಣ. ವಾಲ್ವ್ ಬಡಿದಾಗ ಅದು ಸವೆಯದಂತೆ ಸೀಸದ ತೆಳುವಾದ ಪದರ ಕಾಯುತ್ತಿತ್ತು. ಈಗ ಆ ಪದರ ಇಲ್ಲ. ಆದರೆ ಸೀಟು ಸವೆಯುವುದು ಗಂಟೆಗಟ್ಟಲೆ ಇಂಜಿನ್ನನ್ನು ಜೋರಾಗಿ ಎಳೆದು ಓಡಿಸಿದಾಗ. ಟಾಪ್ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ ನಿಮ್ಮ ಇಂಜಿನ್ ನಿಮಿಷಕ್ಕೆ ಸುಮಾರು 3,300 ಸುತ್ತು ತಿರುಗುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಸವೆತ ಬಹಳ ನಿಧಾನ.

ಅದು ಮುನ್ಸೂಚನೆ ಕೊಡದೆ ಬರುವ ಕಾಯಿಲೆಯೂ ಅಲ್ಲ. ಸೀಟು ಸವೆದಂತೆ ವಾಲ್ವ್ ಒಳಗೆ ಇಳಿಯುತ್ತದೆ, ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದಿ, ಅಂದರೆ ಟ್ಯಾಪೆಟ್ ಗ್ಯಾಪ್, ಕಿರಿದಾಗುತ್ತದೆ. ತಣ್ಣಗಿರುವಾಗ ಗ್ಯಾಪ್ 0.012 ಇಂಚು, ಅಂದರೆ 0.30 ಮಿ.ಮೀ. ಇರಬೇಕು. 2,000 ಕಿ.ಮೀ.ಗೊಮ್ಮೆ ಸಂದಿ ಅಳೆಯುವ ತೆಳು ತಗಡು, ಫೀಲರ್ ಗೇಜ್, ಹಾಕಿ ನೋಡಿ, ಪುಸ್ತಕದಲ್ಲಿ ಬರೆದಿಡಿ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನ ಗ್ಯಾಪ್ ಪ್ರತಿ ಸಲ ಕಿರಿದಾಗುತ್ತಿದ್ದರೆ ಮಾತ್ರ ಹೆಡ್ ಬಿಚ್ಚಿ ಗಟ್ಟಿ ಸೀಟು ಹಾಕಿಸಬೇಕು. ಬೇರೆ ಕಾರಣಕ್ಕೆ ಹೆಡ್ ಬಿಚ್ಚುವುದೇ ಆದರೆ ಆ ಕೆಲಸವೂ ಆಗಿಬಿಡಲಿ.

ಪೆಟ್ರೋಲಿನಲ್ಲಿ ನಿಜವಾಗಿ ಹೆದರಬೇಕಾದದ್ದು ಅದಕ್ಕೆ ಬೆರೆಸುವ ಆಲ್ಕೋಹಾಲ್, ಎಥನಾಲ್‌ಗೆ. ಯಾರೂ ಅದರ ಮಾತೇ ಆಡಿಲ್ಲ ನೋಡಿ! ಹಳೇ ರಬ್ಬರ್ ಪೈಪನ್ನು ಅದು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಕಾರು ನಿಲ್ಲುವುದಿಲ್ಲ, ಉರಿಯುತ್ತದೆ. ಎಲ್ಲ ಫ್ಯೂಯಲ್ ಪೈಪುಗಳನ್ನೂ ಎಸ್‌ಎಇ ಜೆ30 ಆರ್9 ದರ್ಜೆಯದಕ್ಕೆ ಬದಲಿಸಿ. ದರ್ಜೆ ಪೈಪಿನ ಮೇಲೇ ಅಚ್ಚಾಗಿರುತ್ತದೆ. ಎಂಟು ವರ್ಷದ ಹಳೇ ಪೆಟ್ರೋಲ್ ಖಾಲಿ ಮಾಡಿ, ಟ್ಯಾಂಕ್ ಇಳಿಸಿ ತೊಳೆಸಿ, ಪಾರದರ್ಶಕ ಫಿಲ್ಟರ್ ಹಾಕಿ. ಫಿಲ್ಟರ್‌ನಲ್ಲಿ ಕಂದು ಪುಡಿ ಕಂಡರೆ ಟ್ಯಾಂಕ್ ಇನ್ನೂ ತುಕ್ಕು ಬಿಡುತ್ತಿದೆ ಅಂತ ಅರ್ಥ. ಕಳಪೆ ಪೆಟ್ರೋಲ್ ಸಿಕ್ಕ ಕಡೆ ಏರಿನಲ್ಲಿ ಇಂಜಿನ್ 'ಟಿಣಿಟಿಣಿ' ಅಂದರೆ, ಡಿಸ್ಟ್ರಿಬ್ಯೂಟರ್ ಪಕ್ಕದ ಗುಂಡಿ ಸ್ಕ್ರೂವನ್ನು ಆರ್ ಅಕ್ಷರದ ಕಡೆ ಸ್ವಲ್ಪ ತಿರುಗಿಸಿ. ಒಳ್ಳೆ ಪೆಟ್ರೋಲ್ ಸಿಕ್ಕಾಗ ವಾಪಸ್ ತನ್ನಿ, ಇಲ್ಲದಿದ್ದರೆ ಇಂಜಿನ್ ಸುಮ್ನೆ ಬಿಸಿಯಾಗುತ್ತದೆ.

ಥರ್ಮೋಸ್ಟಾಟ್ ಕಿತ್ತುಹಾಕುವುದು ಪೂರ್ತಿ ತಪ್ಪು ಸಲಹೆ. ಇಂಜಿನ್ ಬೇಕಾದಷ್ಟು ಬಿಸಿಯಾಗಲಿ ಅಂತ ಅದು ಇರುವುದು. ತೆಗೆದರೆ ಚಳಿಯಲ್ಲಿ, ಸಪಾಟು ರಸ್ತೆಯಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಆಯಿಲ್ ಹಾಳಾಗುತ್ತದೆ, ಸಿಲಿಂಡರ್ ಬೋರ್ ಸವೆಯುತ್ತದೆ. ಏರಿನಲ್ಲಿ ಕುದಿಯುವುದಂತೂ ನಿಲ್ಲುವುದಿಲ್ಲ. ಕುದಿಯಲು ಕಾರಣ ಕಟ್ಟಿಕೊಂಡ ರೇಡಿಯೇಟರ್, ಬ್ಲಾಕಿನ ಹಿಂಭಾಗದಲ್ಲಿ ಕೂತ ಕೆಸರು, ಜಾರುವ ಫ್ಯಾನ್ ಬೆಲ್ಟ್, ಕಿಡಿ ತಡವಾಗಿ ಹಾರುವಂತೆ ಹಿಂದೆ ಬಿದ್ದ ಇಗ್ನಿಷನ್. ರೇಡಿಯೇಟರ್ ಬಿಚ್ಚಿ ತಲೆಕೆಳಗಾಗಿ ನೀರು ಬಿಟ್ಟು ತೊಳೆಸಿ. ಬ್ಲಾಕನ್ನೂ ಹಾಗೇ ತೊಳೆಸಿ. 3,000 ಮೀಟರ್ ಎತ್ತರದಲ್ಲಿ ಬರೀ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟರೆ ಮಾತ್ರ ನೂರರ ಆಚೆ ಹೋಗಬಹುದು. ಹಾಗಾಗಿ ಮುಚ್ಚಳ ಹೊಸದು ಹಾಕಿ. ಮೈನರ್‌ಗೆ ಟೆಂಪರೇಚರ್ ಗೇಜೇ ಇಲ್ಲ. ಅದೊಂದನ್ನು ಹಾಕಿಸಿಕೊಳ್ಳಿ. ನನ್ನ ಲೆಕ್ಕದಲ್ಲಿ ಈ ಕಾರಿಗೆ ಮಾಡಬಹುದಾದ ಅತ್ಯುತ್ತಮ ಬದಲಾವಣೆ ಅದೇ. ಎತ್ತರದಲ್ಲಿ 48 ಕುದುರೆ ಶಕ್ತಿಯ ಇಂಜಿನ್ ಮೂವತ್ತನಾಲ್ಕರ ಸುಮಾರಿಗೆ ಇಳಿಯುತ್ತದೆ. ಎರಡನೇ ಗೇರಿನಲ್ಲಿ ತೆವಳಿದರೆ ಗಾಬರಿಯಾಗಬೇಡಿ, ಅದು ಕಾಯಿಲೆಯಲ್ಲ.

ನೀರಿನ ವಿಷಯದಲ್ಲಿ ಇನ್ನೊಂದು ಚಿಕ್ಕ ವಸ್ತು ಇದೆ. ವಾಟರ್ ಪಂಪಿಗೂ ಹೆಡ್ಡಿಗೂ ನಡುವೆ, ಹೆಬ್ಬೆರಳಿನಷ್ಟು ಉದ್ದದ ಮೋಟು ಹೋಸ್. ಬೈಪಾಸ್ ಹೋಸ್ ಅಂತಾರೆ. ಪಂಪಿನ ಹಿಂದೆ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಟಾರ್ಚ್ ಬಿಟ್ಟು ನೋಡಿ. ಮಧ್ಯೆ ಉಬ್ಬಿ, ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತದೆ. ಅದು ಒಡೆದರೆ ಇಂಜಿನ್ನಿನ ನೀರೆಲ್ಲ ಕೆಲವೇ ನಿಮಿಷದಲ್ಲಿ ಖಾಲಿ. ಬದಲಿಸಲು ಪಂಪ್ ಅಥವಾ ಹೆಡ್ ಬಿಚ್ಚಬೇಕು. ರಸ್ತೆ ಬದಿಯಲ್ಲಿ ಅದು ಆಗುವ ಕೆಲಸವಲ್ಲ. ಪಂಪ್ ಬಿಚ್ಚದೆ ಒತ್ತಿ ಕೂರಿಸಬಹುದಾದ ಸುಕ್ಕುಸುಕ್ಕಾದ ಹೋಸ್ ಸಿಗುತ್ತದೆ, ಒಂದೆರಡು ಡಬ್ಬಿಯಲ್ಲಿರಲಿ. ಈಗ ಮಾತ್ರ ಪಂಪ್ ಬಿಚ್ಚಿ ಗಟ್ಟಿ ಹೋಸನ್ನೇ ಹಾಕಿ. ಹೇಗೂ ಬಿಚ್ಚಿದಿರಿ ಅಂತ ಪಂಪನ್ನೂ ಹೊಸದು ಹಾಕಿ, ಹಳೆಯದು ಸೋರದಿದ್ದರೆ ಸ್ಪೇರ್ ಆಗಿ ಇಟ್ಟುಕೊಳ್ಳಿ.

ಕರೆಂಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಡೈನಮೋ 22 ಆಂಪಿಯರ್ ಕೊಡುತ್ತದೆ, ರಾತ್ರಿ ಜಾಸ್ತಿ ಓಡಿಸದಿದ್ದರೆ ಸಾಕು. ಆಲ್ಟರ್ನೇಟರ್ ಐಷಾರಾಮ. ಮೂಲದಲ್ಲಿ ಈ ಕಾರಿಗೆ ಬಾಡಿ ಪಾಸಿಟಿವ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕೂಡಿದೆ. ಈಗಿನ ಫೋನ್ ಚಾರ್ಜರ್‌ನ ಲೋಹದ ಕವಚ ನೆಗೆಟಿವ್. ಅದು ಬಾಡಿಗೆ ತಾಗಿದರೆ ಶಾರ್ಟ್. ಚಾರ್ಜರ್ ಕೂರಿಸುವವರಿಗೆ ಇದನ್ನು ಮೊದಲೇ ಹೇಳಿ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವ ಆಸೆಯಿದ್ದರೆ ಹಾಕಿಸಿ. ಆದರೆ ಅದು ಸತ್ತರೆ ಸತ್ತಂತೆಯೇ, ಸವರಿ ಸರಿ ಮಾಡುವ ಹಾಗಿಲ್ಲ. ಪಾಯಿಂಟ್, ಅಂದರೆ ಕಿಡಿಗಾಗಿ ಕರೆಂಟ್ ಕೂಡಿಸಿ ಬಿಡಿಸುವ ಸಂಪರ್ಕ, ಕೂರಿಸಿದ ಹಳೇ ಪ್ಲೇಟ್ ಜೊತೆಗಿರಲಿ.

ಸ್ಪೇರ್ ಅಂತ ಕಾರು ತುಂಬಬೇಡಿ, ಭಾರಕ್ಕೆ ಹಿಂದಿನ ಸ್ಪ್ರಿಂಗ್ ಪಟ್ಟಾ ಕುಸಿದು ಕೂರುತ್ತದೆ. ಪಾಯಿಂಟ್, ಓಡಿಸಿ ನೋಡಿದ ರೋಟರ್-ಕಂಡೆನ್ಸರ್, ಕಾಯಿಲ್, ಫ್ಯಾನ್ ಬೆಲ್ಟ್, ಫ್ಯೂಯಲ್ ಪಂಪ್, ಹೆಡ್ ಗ್ಯಾಸ್ಕೆಟ್, ಒಂದು ಬ್ರೇಕ್ ಹೋಸ್, ವೀಲ್ ಸಿಲಿಂಡರ್ ಕಿಟ್, ಗ್ರೀಸ್ ಗನ್. ಇಷ್ಟು, ಜೊತೆಗೆ ಮೇಲೆ ಹೇಳಿದ ಬೈಪಾಸ್ ಹೋಸು ಮತ್ತು ವಾಟರ್ ಪಂಪು. ಸ್ಪ್ಯಾನರ್ ಮಾತ್ರ ಇಂಚಿನದೇ ಬೇಕು. ಅರ್ಧ ಇಂಚು ಅಂದರೆ 12.7 ಮಿ.ಮೀ. ದಾರಿಯಲ್ಲಿ ಯಾರೋ 13ರ ಸ್ಪ್ಯಾನರ್ ಹಾಕಿ ಒತ್ತಿದರೆ ಬೋಲ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಸಹಾಯಕ್ಕೆ ಬಂದವರ ಕೈಗೆ ನಿಮ್ಮ ಸ್ಪ್ಯಾನರ್ ಕೊಡಿ.

ಸಮಯ ಹೀಗೆ ಹಂಚಿಕೊಳ್ಳಿ. ಐದು ತಿಂಗಳಲ್ಲಿ ಕೆಲಸ ಮುಗಿಸಿ. ಉಳಿದ ಐದು ತಿಂಗಳಲ್ಲಿ ಕನಿಷ್ಠ 2,000 ಕಿ.ಮೀ. ಮನೆಯ ಸುತ್ತಲೇ ಓಡಿಸಿ, ಪ್ರಯಾಣದ ಪೂರ್ತಿ ಸಾಮಾನು ಹೇರಿಕೊಂಡು, ಸಿಕ್ಕ ಏರುಗಳನ್ನೆಲ್ಲ ಹತ್ತಿ. ಕೆಡುವುದೆಲ್ಲ ಆಗಲೇ ಕೆಡಲಿ. ಪಾಯಿಂಟ್ ಹೊಂದಿಸುವುದು, ಬ್ರೇಕ್ ಬ್ಲೀಡ್ ಮಾಡುವುದು, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವುದು, ನಿಮ್ಮ ತಂಗಿಗೂ ಬರಲಿ. ಕೊನೆಯ ತಿಂಗಳಲ್ಲಿ ಆಯಿಲ್ ಮತ್ತು ಗ್ರೀಸ್ ಬಿಟ್ಟು ಬೇರೇನೂ ಬದಲಿಸಬೇಡಿ, ಯಾರು ಎಷ್ಟೇ ಒತ್ತಾಯ ಮಾಡಿದರೂ.

ಇಂಜಿನ್ ಮುಟ್ಟಬೇಕಾ ಬೇಡವಾ ಅನ್ನುವುದು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದ ಮೇಲೆ ತಿಳಿಯುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು ನಾಲ್ಕೂ ಸಿಲಿಂಡರ್‌ಗೆ ಒಂದೊಂದು ಚಮಚ ಆಯಿಲ್ ಬಿಡಿ, ಎರಡು ದಿನ ನೆನೆಯಲಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಸಲೀಸಾಗಿ ತಿರುಗಿದರೆ ಸ್ಟಾರ್ಟ್ ಮಾಡಿ, ಆ ಆಯಿಲ್ ಉರಿದುಹೋಗಲಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಂಪ್ರೆಷನ್ ಅಳೆಯಿಸಿ, ನಾಲ್ಕು ಅಂಕಿಗಳನ್ನೂ ನನಗೆ ಬರೆಯಿರಿ. ಟ್ರನಿಯನ್ 'ಟಕ್' ಅಂದಿತಾ ಇಲ್ಲವಾ ಅನ್ನುವುದನ್ನೂ ತಿಳಿಸಿ.